ಕುಂಡದಲ್ಲಿ ನೀರಿದೆ, ಮಲ್ಲಿಗೆ ಯಾಕೆ ಬಾಡಿದೆ?

ಪ್ರಶ್ನೆ: ನಾವು ಗದಗದಲ್ಲಿದ್ದೇವೆ. ತಾರಸಿ ಮೇಲೆ 12 ಇಂಚಿನ ಪ್ಲಾಸ್ಟಿಕ್ ಕುಂಡದಲ್ಲಿ ಒಂದು ಮಲ್ಲಿಗೆ ಗಿಡ ಇದೆ. ಹಡಗಲಿಯಿಂದ ತಂದದ್ದು, ಮೂರು ವರ್ಷ ಆಯಿತು. ಮಣ್ಣು ನಮ್ಮ ಹೊಲದ ಎರೆ ಮಣ್ಣೇ. ನೀರು ಬಸಿಯಲಿ ಅಂತ ಅಡಿಗೆ ಹೆಂಚಿನ ಚೂರು ಹಾಕಿದ್ದೇನೆ. ಈ ಸಲ ಮೊಗ್ಗು ಕಡಿಮೆ ಅಂತ ಪಕ್ಕದ ಮನೆಯವರ ಮಾತು ಕೇಳಿ ಒಂದು ಹಿಡಿ ಯೂರಿಯಾ ಹಾಕಿದೆ. ಮೂರನೇ ದಿನ ಎಲೆಗಳು ಜೋತುಬಿದ್ದವು, ಅಂಚು ಸುಟ್ಟ ಹಾಗೆ ಕಂದಾಯಿತು. ನೀರು ಸಾಲುತ್ತಿಲ್ಲ ಅಂದ್ಕೊಂಡು ದಿನಾ ಎರಡು ಹೊತ್ತು ಬೋರ್ ನೀರು ಹಾಕಿದೆ. ಈಗ ಹತ್ತು ದಿನ. ಮಣ್ಣು ಕೆಸರಾಗಿದೆ, ಗಿಡ ಮಾತ್ರ ಬಾಡಿಯೇ ಇದೆ. ಎಪ್ಸಮ್ ಸಾಲ್ಟ್ ಹಾಕಿದರೆ ಚೇತರಿಸಿಕೊಳ್ಳುತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಮ್ಮ ಅತ್ತೆ, ಮಗಳು ಮುಟ್ಟಾದಾಗ ಗಿಡ ಮುಟ್ಟಿದ್ದಕ್ಕೇ ಹೀಗಾಯಿತು ಅಂತಾರೆ. ಒಂಬತ್ತನೇ ಕ್ಲಾಸಿನ ಮಗಳು, ಇದು ವಿಜ್ಞಾನದ ಪುಸ್ತಕದಲ್ಲಿರೋ ಅಭಿಸರಣೆ ಅಂತ ವಾದ ಮಾಡ್ತಾಳೆ. ಯಾರ ಮಾತು ಸರಿ? ಗಿಡ ಉಳಿಯುತ್ತಾ?

ಉತ್ತರ: ಮಗಳ ಮಾತು ಸರಿ. ಆದರೆ ಅವಳು ಹೇಳಿದ್ದು ಮೊದಲ ಮೂರು ದಿನದ ಕಥೆ. ಆಮೇಲಿನ ಒಂದು ವಾರದಲ್ಲಿ ಗಿಡಕ್ಕೆ ಆದದ್ದು ಬೇರೆ ಪೆಟ್ಟು. ಉಳಿಯುತ್ತಾ ಅಂದರೆ, ಉಳಿಯಬಹುದು. ಬೇರು ನೋಡದೆ ಅದಕ್ಕಿಂತ ಹೆಚ್ಚು ಹೇಳಲಾಗದು. ಸದ್ಯಕ್ಕೆ ನೀರು ಹಾಕುವುದನ್ನು ನಿಲ್ಲಿಸಿ, ಕುಂಡವನ್ನು ನೆರಳಿಗೆ ಎಳೆದಿಡಿ, ಆಮೇಲೆ ಮುಂದೆ ಓದಿ.

ನಿಮ್ಮಂತೆಯೇ ಬಹಳ ಜನ ಕೇಳುತ್ತಾರೆ: ನೀರು ಕೊಟ್ಟೆ, ಗೊಬ್ಬರ ಕೊಟ್ಟೆ, ಇನ್ನೇನು ಕೊಡಲಿ? ಬಾಡಿದ ಗಿಡ ನಮಗೆ ತಿಳಿಸುವುದು ಒಂದೇ ಸಂಗತಿ. ಎಲೆಯ ಜೀವಕೋಶಗಳಿಗೆ ನೀರು ತಲುಪುತ್ತಿಲ್ಲ. ಕುಂಡದಲ್ಲಿ ನೀರು ಇದೆಯೋ ಇಲ್ಲವೋ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಇವೆರಡೂ ಒಂದೇ ಅಂತ ತಿಳಿದು ನಾವು ಚೊಂಬು ಎತ್ತುತ್ತೇವೆ. ನನ್ನ ಹತ್ತಿರ ಬಂದ ಸತ್ತ ಕುಂಡದ ಗಿಡಗಳಲ್ಲಿ ಬಾಯಾರಿ ಸತ್ತವು ಕಡಿಮೆ. ನೀರು ಜಾಸ್ತಿಯಾಗಿ ಸತ್ತವೇ ಹೆಚ್ಚು.

ಮೊದಲು ಅತ್ತೆಯವರ ಮಾತನ್ನು ಮುಗಿಸಿಬಿಡೋಣ. ಇದು ಮನೆಯಲ್ಲಿ ಒಂದು ಹುಡುಗಿಯ ಮೇಲೆ ಬಂದಿರುವ ಆರೋಪ, ಹಾಗಾಗಿ ಸುಮ್ನೆ ಬಿಡುವಂಥದ್ದಲ್ಲ. ಇದನ್ನು ನಂಬಿದವರು ನಮ್ಮ ಊರುಗಳಲ್ಲಿ ಮಾತ್ರ ಇಲ್ಲ. 1920ರಲ್ಲಿ ವಿಯೆನ್ನಾದ ವೈದ್ಯ ಬೇಲಾ ಶಿಕ್, ಮುಟ್ಟಾದ ಹೆಂಗಸರ ಕೈ ತಾಗಿದರೆ ಹೂವು ಬಾಡುತ್ತದೆ, ಅವರ ಮೈಯಲ್ಲಿ ಒಂದು ವಿಷ ಇರುತ್ತದೆ ಎಂದು ಲೇಖನವನ್ನೇ ಬರೆದರು. ಡಿಫ್ತೀರಿಯಾ ಪರೀಕ್ಷೆಗೆ ಹೆಸರಾದ ದೊಡ್ಡ ವೈದ್ಯರು ಅವರು. ಆ ವಿಷಕ್ಕೆ ಆಮೇಲೆ 'ಮೆನೋಟಾಕ್ಸಿನ್' ಎಂಬ ಹೆಸರೂ ಬಂತು. ಎಷ್ಟೋ ವರ್ಷ ಹುಡುಕಿದರೂ ಅಂಥ ವಸ್ತು ಇದೆ ಎಂದು ಸಾಬೀತಾಗಲಿಲ್ಲ. ಅತ್ತೆಯವರಿಗೆ ವಾದಕ್ಕಿಂತ ಲೆಕ್ಕ ಒಪ್ಪಿಗೆಯಾದೀತು. ಮಗಳು ಈ ಮೂರು ವರ್ಷದಲ್ಲಿ ಎಷ್ಟು ಸಲ ಆ ಗಿಡಕ್ಕೆ ನೀರು ಹಾಕಿರಬಹುದು, ಎಷ್ಟು ಸಲ ಮೊಗ್ಗು ಬಿಡಿಸಿರಬಹುದು? ಆಗೆಲ್ಲ ಬಾಡದ ಗಿಡ ಯೂರಿಯಾ ಬಿದ್ದ ಮೂರನೇ ದಿನ ಬಾಡಿದೆ.

ಈಗ ಜೀವಕೋಶಕ್ಕೆ ಬರೋಣ. ಮಲ್ಲಿಗೆಯ ಎಲೆಯಲ್ಲಿ ಮೂಳೆ ಇಲ್ಲ, ಎಳೆಯ ಚಿಗುರಿನಲ್ಲಿ ಕಟ್ಟಿಗೆಯೂ ಇಲ್ಲ. ಆದರೂ ನೆಟ್ಟಗೆ ನಿಲ್ಲುತ್ತದೆ. ಅದನ್ನು ನಿಲ್ಲಿಸುವುದು ನೀರಿನ ಒತ್ತಡ. ಸಸ್ಯದ ಪ್ರತಿ ಜೀವಕೋಶದ ಸುತ್ತ ಸೆಲ್ಯುಲೋಸಿನ ಗಟ್ಟಿ ಕೋಶಭಿತ್ತಿ ಇರುತ್ತದೆ. ಅದಕ್ಕೆ ಅಂಟಿಕೊಂಡ ಹಾಗೆ ಒಳಗೆ ತೆಳುವಾದ ಕೋಶಪೊರೆ. ನಡುವೆ ರಸದಾನಿ ಎಂಬ ಚೀಲ. ಬಲಿತ ಕೋಶದಲ್ಲಿ ಶೇ. 80ರಿಂದ 90ರಷ್ಟು ಜಾಗವನ್ನು ಈ ರಸದಾನಿಯೇ ಹಿಡಿಯುವುದುಂಟು. ಅದರೊಳಗೆ ನೀರು, ಆ ನೀರಿನಲ್ಲಿ ಕರಗಿದ ಸಕ್ಕರೆ, ಲವಣ, ಆಮ್ಲಗಳು. ನೀರು ತುಂಬಿದ ರಸದಾನಿ ಒಳಗಿನಿಂದ ಗೋಡೆಯನ್ನು ಒತ್ತುತ್ತದೆ. ಈ ಒತ್ತಡ ಸಾಮಾನ್ಯವಾಗಿ ವಾತಾವರಣದ ಒತ್ತಡದ ಮೂರರಿಂದ ಹತ್ತು ಪಟ್ಟು. ಒತ್ತಡ ಇಳಿದರೆ ಎಲೆ ಜೋತುಬೀಳುತ್ತದೆ.

ನೀರು ಒಳಗೆ ಬರುವುದು ಹೇಗೆ? ಬೇರಿನ ತುದಿಯಿಂದ ಸ್ವಲ್ಪ ಹಿಂದೆ ಬೇರುರೋಮಗಳಿವೆ. ಒಂದೊಂದು ರೋಮವೂ ಒಂದೇ ಜೀವಕೋಶದ ಉದ್ದನೆಯ ಚಾಚು. ಅದರ ಕೋಶಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಕರಗಿದ ಲವಣಗಳನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಪೊರೆಯ ಯಾವ ಬದಿಯಲ್ಲಿ ಲವಣ ಹೆಚ್ಚೋ ನೀರು ಆ ಬದಿಗೆ ಹರಿಯುತ್ತದೆ. ಇದೇ ಅಭಿಸರಣೆ. ಮಾಮೂಲಿ ದಿನಗಳಲ್ಲಿ ಮಣ್ಣಿನ ನೀರಿನಲ್ಲಿ ಲವಣ ಕಡಿಮೆ, ಕೋಶದೊಳಗೆ ಹೆಚ್ಚು. ನೀರು ಒಳಗೆ ಬರುತ್ತದೆ. ಹೊರಗೆ ಲವಣವೋ ಕರಗಿದ ಯೂರಿಯಾವೋ ಹೆಚ್ಚಾದರೆ ಈ ಹರಿವು ನಿಲ್ಲುತ್ತದೆ. ಇನ್ನೂ ಹೆಚ್ಚಾದರೆ ತಿರುಗುತ್ತದೆ. ಉಪ್ಪು ಬೆರೆಸಿಟ್ಟ ಮಾವಿನ ಹೋಳು ಬೆಳಗಾಗುವಷ್ಟರಲ್ಲಿ ಭರಣಿ ತುಂಬ ನೀರು ಬಿಟ್ಟಿರುತ್ತದಲ್ಲ, ನಿಮ್ಮ ಮಲ್ಲಿಗೆಯ ಬೇರಿಗೆ ಆದದ್ದೂ ಅದೇ.

ಒಂದು ಹಿಡಿ ಯೂರಿಯಾ ಅಷ್ಟೊಂದು ಜಾಸ್ತಿಯೇ ಅಂತ ನಿಮಗೆ ಅನ್ನಿಸಬಹುದು. ಹಿಡಿ ಅಂದರೆ 45 ಗ್ರಾಂ ಅಂತ ಹಿಡಿಯಿರಿ. 12 ಇಂಚಿನ ಕುಂಡದ ಬಾಯಿಯಷ್ಟು ಜಾಗ ಒಂದು ಎಕರೆಯಲ್ಲಿ ಸುಮಾರು 55 ಸಾವಿರ ಸಲ ಕೂರುತ್ತದೆ. ಅದೇ ಲೆಕ್ಕದಲ್ಲಿ ಹೊಲಕ್ಕೆ ಹಾಕಿದರೆ ಎಕರೆಗೆ 2,500 ಕಿಲೋ, ಅಂದರೆ 45 ಕಿಲೋದ 55 ಚೀಲ. ನಿಮ್ಮ ಮನೆಯವರು ಹೊಲಕ್ಕೆ ಎಷ್ಟು ಚೀಲ ಹಾಕುತ್ತಾರೆ ಅಂತ ಕೇಳಿ ನೋಡಿ. ಪಕ್ಕದ ಮನೆಯವರದ್ದು ಕೆಟ್ಟ ಉದ್ದೇಶ ಅಲ್ಲ. ಹೊಲದ ಕೈ ಅಳತೆ ಕುಂಡಕ್ಕೆ ಬಂತು, ಅಷ್ಟೇ.

ಗೊಬ್ಬರ ಅಂದರೆ ಗಿಡದ ಊಟ, ಸೊರಗಿದರೆ ಇನ್ನಷ್ಟು ಬಡಿಸಬೇಕು ಅನ್ನುವ ಎಣಿಕೆಯೂ ಇದರ ಹಿಂದೆ ಇದೆ. 17ನೇ ಶತಮಾನದಲ್ಲಿ ಯಾನ್ ವಾನ್ ಹೆಲ್ಮಾಂಟ್ ಎಂಬಾತ ಸುಮಾರು 90 ಕಿಲೋ ಒಣ ಮಣ್ಣು ತೂಗಿ ಅದರಲ್ಲಿ ವಿಲೋ ಸಸಿ ನೆಟ್ಟ. ನೀರು ಬಿಟ್ಟು ಬೇರೇನೂ ಕೊಡಲಿಲ್ಲ. ಐದು ವರ್ಷದ ನಂತರ ಮರ 77 ಕಿಲೋ ತೂಗಿತು. ಮಣ್ಣು ಕಳೆದುಕೊಂಡದ್ದು ಎರಡು ಔನ್ಸ್, ಅಂದರೆ 57 ಗ್ರಾಮಿನಷ್ಟು. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ. ಗಾಳಿಯ ಇಂಗಾಲದ ಡೈಆಕ್ಸೈಡ್ ಆಗ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಗಿಡ ತನ್ನ ಊಟವನ್ನು ನೀರು, ಗಾಳಿ, ಬಿಸಿಲಿನಿಂದ ಎಲೆಯ ಕ್ಲೋರೋಪ್ಲಾಸ್ಟ್‌ಗಳಲ್ಲಿ ತಾನೇ ಮಾಡಿಕೊಳ್ಳುತ್ತದೆ. ಮಣ್ಣಿನಿಂದ ಅದಕ್ಕೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್ ಇತ್ಯಾದಿ ಬೇಕೇ ಬೇಕು, ಆದರೆ ಸ್ವಲ್ಪವೇ. ಆ ಮರ ಐದು ವರ್ಷದಲ್ಲಿ ಮಣ್ಣಿನಿಂದ ತೆಗೆದುಕೊಂಡದ್ದಕ್ಕೆ ಹತ್ತಿರ ಹತ್ತಿರ ಬರುವಷ್ಟನ್ನು ನೀವು ಒಂದೇ ಬೆಳಿಗ್ಗೆ ಹಾಕಿದ್ದೀರಿ. ಅಂದಹಾಗೆ, ಯೂರಿಯಾ ಕೊಡುವುದು ಸಾರಜನಕ. ಅದು ಜಾಸ್ತಿಯಾದರೆ ಮಲ್ಲಿಗೆ ಎಲೆ ಬಿಡುತ್ತದೆ, ಮೊಗ್ಗಲ್ಲ.

ಯೂರಿಯಾದ ತೊಂದರೆ ಅಭಿಸರಣೆಗೇ ಮುಗಿಯುವುದಿಲ್ಲ. ಒದ್ದೆ ಮಣ್ಣಿನಲ್ಲಿ ಯೂರಿಯೇಸ್ ಎಂಬ ಕಿಣ್ವ ಅದನ್ನು ಕೆಲವೇ ದಿನಗಳಲ್ಲಿ ಅಮೋನಿಯಂ ಮಾಡುತ್ತದೆ. ಮಣ್ಣು ಕ್ಷಾರೀಯವಾಗಿದ್ದರೆ ಅದರಲ್ಲಿ ಒಂದು ಪಾಲು ಅಮೋನಿಯಾ ಅನಿಲವಾಗುತ್ತದೆ. ಎಳೆ ಬೇರಿನ ಕೋಶಗಳಿಗೆ ಅದು ವಿಷ. ನಿಮ್ಮ ಭಾಗದ ಎರೆ ಮಣ್ಣು ಸಾಮಾನ್ಯವಾಗಿ ಕ್ಷಾರೀಯವೇ. ಮೇಲೆ ಬೋರ್ ನೀರು ಬೇರೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದು ಆ ನೀರಿನ ಲವಣ. ಎಪ್ಸಮ್ ಸಾಲ್ಟ್ ಅಂದರೆ ಮೆಗ್ನೀಸಿಯಂ ಸಲ್ಫೇಟ್, ಅದೂ ಲವಣವೇ. ಮೆಗ್ನೀಸಿಯಂ ಕೊರತೆಯಿಂದ ಹಳೇ ಎಲೆಗಳು ನರ ಹಸಿರಾಗಿಯೇ ಉಳಿದು ಮಧ್ಯೆ ಹಳದಿಯಾದಾಗ ಅದಕ್ಕೆ ಕೆಲಸ ಇದೆ. ಈ ಹೊತ್ತಿನಲ್ಲಿ ಹಾಕಿದರೆ ಹೊರಗಿನ ಲವಣ ಇನ್ನೂ ಏರುತ್ತದೆ. ಬೇಡವೇ ಬೇಡ.

ಇನ್ನು ಎರಡನೇ ಪೆಟ್ಟು. ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ಸಂದಿಯಲ್ಲಿರುವ ಗಾಳಿಯಿಂದ ಆಮ್ಲಜನಕ ತೆಗೆದುಕೊಂಡು, ಎಲೆಯಿಂದ ಬಂದ ಸಕ್ಕರೆಯನ್ನು ಕೋಶದೊಳಗಿನ ಒಲೆಗಳಂಥ ಮೈಟೊಕಾಂಡ್ರಿಯಾದಲ್ಲಿ ಉರಿಸಿ ಶಕ್ತಿ ಪಡೆಯುತ್ತದೆ. ಆ ಸಂದಿಗಳಲ್ಲಿ ನೀರು ತುಂಬಿದರೆ ಆಮ್ಲಜನಕ ಬೇರಿಗೆ ಬರುವ ವೇಗ ತೀರಾ ಕುಸಿಯುತ್ತದೆ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಅದು ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಆಮ್ಲಜನಕ ಇದ್ದಾಗ ಒಂದು ಗ್ಲೂಕೋಸ್ ಅಣುವಿನಿಂದ 30ರಷ್ಟು ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ಅಣು) ಸಿಗುತ್ತದೆ, ಇಲ್ಲದಾಗ ಬರೀ ಎರಡು. ಅಷ್ಟರಲ್ಲಿ ಬೇರಿನ ಕೋಶ ಬಹಳ ದಿನ ಬದುಕಲಾರದು.

ಇಲ್ಲಿ ನನಗೆ ಬಹಳ ಕುತೂಹಲದ್ದು ಅನ್ನಿಸುವ ಸಂಗತಿ ಒಂದಿದೆ. ಕೋಶಪೊರೆಯಲ್ಲಿ ನೀರು ಹಾದುಹೋಗಲೆಂದೇ ಸಣ್ಣ ಪ್ರೋಟೀನ್ ಕಾಲುವೆಗಳಿವೆ. ಹೆಸರು ಅಕ್ವಾಪೊರಿನ್. ಇವನ್ನು ಗುರುತಿಸಿದ ಪೀಟರ್ ಆಗ್ರೆಗೆ 2003ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಆಮ್ಲಜನಕ ಸಿಗದೆ ಬೇರಿನ ಕೋಶದ ಒಳಗು ಹುಳಿಯಾಗತೊಡಗಿದರೆ ಈ ಕಾಲುವೆಗಳು ಮುಚ್ಚಿಕೊಳ್ಳುತ್ತವೆ. ಅಂದರೆ ಸುತ್ತ ನೀರು ಜಾಸ್ತಿಯಾದ ಕಾರಣಕ್ಕೇ ಬೇರು ನೀರು ಎಳೆಯುವುದನ್ನು ನಿಲ್ಲಿಸುತ್ತದೆ. ಎಲೆ ಬಾಡುತ್ತದೆ. ನಾವು ಇನ್ನೊಂದು ಚೊಂಬು ಸುರಿಯುತ್ತೇವೆ. ಭತ್ತ ನೀರಿನಲ್ಲಿ ನಿಂತು ಬದುಕುತ್ತದಲ್ಲ ಅಂತ ಮಗಳು ಕೇಳಬಹುದು. ಭತ್ತದ ಕಾಂಡ ಮತ್ತು ಬೇರಿನೊಳಗೆ ಗಾಳಿಯ ಕೊಳವೆಗಳಿವೆ, ಮೇಲಿನ ಗಾಳಿ ಅದರಿಂದಲೇ ಬೇರಿಗೆ ಇಳಿಯುತ್ತದೆ. ಮಲ್ಲಿಗೆಗೆ ಆ ಸೌಕರ್ಯ ಇಲ್ಲ.

ಎರೆ ಮಣ್ಣು ಹೊಲದಲ್ಲಿ ಒಳ್ಳೆಯದು, ಕುಂಡದಲ್ಲಿ ಕಷ್ಟ. ಒದ್ದೆಯಾದರೆ ಉಬ್ಬಿ ಸಂದಿಗಳೆಲ್ಲ ಮುಚ್ಚುತ್ತವೆ. ಅಡಿಗೆ ಹಾಕಿದ ಹೆಂಚಿನ ಚೂರುಗಳು ಇದಕ್ಕೆ ಪರಿಹಾರ ಅಂತ ಬಹಳ ಜನ ನಂಬಿದ್ದಾರೆ. ಆಗುವುದು ಉಲ್ಟಾ. ನುಣುಪು ಮಣ್ಣಿನ ಕೆಳಗೆ ಒರಟು ಪದರ ಇದ್ದರೆ, ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ನೀರು ಕೆಳಗೆ ಇಳಿಯುವುದೇ ಇಲ್ಲ. ಕೆಸರಿನ ಪದರ ಇನ್ನಷ್ಟು ಮೇಲಕ್ಕೆ, ಬೇರಿನ ಮಟ್ಟಕ್ಕೇ ಬರುತ್ತದೆ. ತೂತಿನಿಂದ ಮಣ್ಣು ಉದುರದಂತೆ ಒಂದು ಚೂರು ಸಾಕು.

ಸರಿ, ಈಗ ಏನು ಮಾಡುವುದು? ಬೆಳಕು ಹರಿಯುವ ಮುಂಚೆ ಒಮ್ಮೆ ಗಿಡ ನೋಡಿ. ಮಧ್ಯಾಹ್ನ ಬಾಡಿ ಬೆಳಗಾಗುವಷ್ಟರಲ್ಲಿ ಎದ್ದಿದ್ದರೆ ಬೇರಿನಲ್ಲಿ ಇನ್ನೂ ಶಕ್ತಿ ಇದೆ. ಬೆಳಗ್ಗೆಯೂ ಜೋತಾಡುತ್ತಿದ್ದರೆ ಬೇರಿಗೆ ಪೆಟ್ಟು ಬಿದ್ದಿದೆ. ಕೊಂಬೆಯ ಮೇಲೆ ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರಿದ್ದರೆ ಆ ಕೊಂಬೆ ಜೀವಂತ, ಕಂದಾಗಿ ಒಣಗಿದ್ದರೆ ಇಲ್ಲ. ಆಮೇಲೆ ಕುಂಡ ಮಗುಚಿ ಮಣ್ಣಿನ ಮುದ್ದೆಯನ್ನು ಇಡಿಯಾಗಿ ಹೊರಗೆ ತೆಗೆಯಿರಿ. ಬೇರು ಬಿಳಿ ಅಥವಾ ತಿಳಿ ಹಳದಿಯಾಗಿ, ಗಟ್ಟಿಯಾಗಿದ್ದರೆ ಒಳ್ಳೆಯದು. ಕಪ್ಪಾಗಿ ಮೆತ್ತಗಾಗಿ, ಎಳೆದರೆ ಸಿಪ್ಪೆ ಕಳಚಿ ದಾರದಂಥ ನಾರು ಮಾತ್ರ ಕೈಯಲ್ಲಿ ಉಳಿದರೆ ಆ ಬೇರು ಸತ್ತಿದೆ. ಕೊಳೆತ ವಾಸನೆ ಬಂದರೂ ಅದೇ ಅರ್ಥ.

ಸತ್ತಿದೆಯೋ ಬರೀ ಮುದುಡಿದೆಯೋ ಎನ್ನುವುದು ಯಾಕೆ ಮುಖ್ಯ? ಮಗಳ ಶಾಲೆಯಲ್ಲಿ ಸೂಕ್ಷ್ಮದರ್ಶಕ ಇದ್ದರೆ ಅವಳೇ ನೋಡಬಹುದು. ಕೆಂಪು ಈರುಳ್ಳಿಯ ಬಣ್ಣದ ಪೊರೆಯನ್ನು ನೀರಿನಲ್ಲಿಟ್ಟು ನೋಡಿದರೆ ಕೋಶಗಳ ತುಂಬ ಬಣ್ಣ ಕಾಣುತ್ತದೆ. ಗಟ್ಟಿ ಉಪ್ಪುನೀರಿನ ಒಂದೆರಡು ಹನಿ ಬಿಟ್ಟರೆ ಬಣ್ಣದ ಭಾಗ ಕುಗ್ಗಿ ಗೋಡೆಯಿಂದ ದೂರ ಸರಿಯುತ್ತದೆ. ಬೇಗನೆ ಉಪ್ಪು ತೊಳೆದು ಸಾದಾ ನೀರು ಬಿಟ್ಟರೆ ಎಷ್ಟೋ ಕೋಶಗಳು ಮತ್ತೆ ತುಂಬಿಕೊಳ್ಳುತ್ತವೆ. ಮೊದಲೇ ಕುದಿಸಿದ ಪೊರೆಯಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಪೊರೆ ಸತ್ತ ಮೇಲೆ ಅಭಿಸರಣೆ ಇಲ್ಲ. ಅದಕ್ಕೇ ಮೊದಲ ದಿನಗಳಲ್ಲಿ ಕೆಲಸ ಮಾಡುವ ಉಪಾಯ ಹತ್ತನೇ ದಿನ ಕೆಲಸ ಮಾಡದಿರಬಹುದು.

ಆ ಮೊದಲ ಉಪಾಯ ಮಣ್ಣು ತೊಳೆಯುವುದು. ಕುಂಡದ ಎರಡರಷ್ಟು ಒಳ್ಳೆಯ ನೀರನ್ನು ನಿಧಾನವಾಗಿ ಹಾಯಿಸಿ ಕೆಳಗಿನಿಂದ ಪೂರ್ತಿ ಹರಿದುಹೋಗಲು ಬಿಡುವುದು. ಯೂರಿಯಾ ಹಾಕಿದ ದಿನವೇ ಅಥವಾ ಮಾರನೇ ದಿನ ಇದನ್ನು ಮಾಡಿದ್ದರೆ ಬಹುಪಾಲು ಹೋಗುತ್ತಿತ್ತು, ಯಾಕೆಂದರೆ ಯೂರಿಯಾ ನೀರಿನ ಜೊತೆ ಸುಲಭವಾಗಿ ಹರಿಯುತ್ತದೆ. ಈಗ ಅದು ಅಮೋನಿಯಂ ಆಗಿರುತ್ತದೆ. ಅಮೋನಿಯಂ ಜೇಡಿಯ ಕಣಕ್ಕೆ ಅಂಟಿ ಕೂರುತ್ತದೆ, ಎರೆ ಮಣ್ಣಿನಲ್ಲಂತೂ ಇನ್ನೂ ಬಿಗಿಯಾಗಿ. ತೊಳೆದರೆ ಲವಣ ಹೋಗುವುದು ಕಡಿಮೆ, ಉಸಿರು ಕಟ್ಟಿದ ಬೇರಿಗೆ ಮತ್ತೆ ನೀರು. ನಿಮ್ಮ ಗಿಡಕ್ಕೆ ನಾನು ಇದನ್ನು ಹೇಳುವುದಿಲ್ಲ.

ಏನೂ ಮಾಡದೆ ನೆರಳಿನಲ್ಲಿಟ್ಟು ಕಾಯುವುದೂ ಒಂದು ದಾರಿ. ಬೆಳಗಿನ ಹೊತ್ತು ಗಿಡ ಏಳುತ್ತಿದ್ದರೆ, ಬೇರು ಹೆಚ್ಚಿನದು ಬಿಳಿಯೇ ಇದ್ದರೆ ಸರಿ. ಆದರೆ ಮಣ್ಣು ಒಣಗುತ್ತ ಬಂದ ಹಾಗೆ ಉಳಿದ ನೀರಿನಲ್ಲಿ ಲವಣ ಇನ್ನೂ ಗಟ್ಟಿಯಾಗುತ್ತದೆ. ಆ ಅಪಾಯ ಗೊತ್ತಿರಲಿ.

ನಾನಾಗಿದ್ದರೆ ಮಣ್ಣು ಬದಲಿಸುತ್ತಿದ್ದೆ. ಬೇರಿನ ಸುತ್ತಲ ಕೆಸರನ್ನು ಬಕೆಟ್ ನೀರಿನಲ್ಲಿ ಅದ್ದಿ ಮೆಲ್ಲಗೆ ಬಿಡಿಸಿ. ಸತ್ತ ಬೇರನ್ನು ಶುದ್ಧವಾದ ಕತ್ತರಿಯಿಂದ ತೆಗೆಯಿರಿ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ದಪ್ಪ ಮರಳು ಅಥವಾ ಕೊಕೊಪೀಟ್ ಬೆರೆಸಿದ ಹಗುರ ಮಿಶ್ರಣದಲ್ಲಿ ನೆಡಿ. ಬೇರು ಎಷ್ಟು ಹೋಯಿತೋ ಮೇಲಿನ ಭಾಗವನ್ನೂ ಹೆಚ್ಚುಕಡಿಮೆ ಅಷ್ಟು ಸವರಿ. ಬೇರು ಹೀರಿದ ನೀರಿನಲ್ಲಿ ಶೇ. 95ಕ್ಕಿಂತ ಹೆಚ್ಚು ಪಾಲು ಪತ್ರರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಎಲೆ ಕಡಿಮೆಯಾದರೆ ಉಳಿದ ಬೇರಿನ ಮೇಲಿನ ಹೊರೆಯೂ ಇಳಿಯುತ್ತದೆ. ಇದರಲ್ಲಿ ಅಪಾಯ ಇಲ್ಲ ಅಂತ ಹೇಳಲಾರೆ. ಮಣ್ಣು ಬಿಡಿಸುವಾಗ ಉಳಿದ ಬೇರುರೋಮಗಳೂ ಹರಿಯುತ್ತವೆ. ಹೊಸವು ಬರುವವರೆಗೆ ಒಂದೆರಡು ವಾರ ಗಿಡ ಇನ್ನಷ್ಟು ಸೊರಗಿದ ಹಾಗೆ ಕಾಣಬಹುದು, ಎಲೆ ಉದುರಬಹುದು. ಆಗ ಗಾಬರಿಯಾಗಿ ನೀರು, ಗೊಬ್ಬರ ಸುರಿಯಬೇಡಿ. ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ, ತೇವ ಇಲ್ಲದಿದ್ದರೆ ಮಾತ್ರ ನೀರು. ಎಲೆಯ ತೇವ ಆರದಿರಲಿ ಅಂತ ಗಿಡಕ್ಕೆ ಪ್ಲಾಸ್ಟಿಕ್ ಚೀಲ ಹೊದಿಸುವವರಿದ್ದಾರೆ. ಪೂರ್ತಿ ನೆರಳಿನಲ್ಲಾದರೆ ಸರಿ. ಗದಗದ ಬಿಸಿಲು ತಾಗಿದರೆ ಚೀಲದೊಳಗೆ ಗಿಡ ಬೆಂದುಹೋಗುತ್ತದೆ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಸಿಕ್ಕರೆ ಗೊಬ್ಬರಕ್ಕೆ ಬೆರೆಸಿ. ಬೇರು ಕೊಳೆಸುವ ಶಿಲೀಂಧ್ರ ಹರಡದಂತೆ ಅದು ನೆರವಾದೀತು, ಸತ್ತ ಬೇರನ್ನು ಬದುಕಿಸದು.

ಬೇರೆಲ್ಲ ಕಪ್ಪಾಗಿ ಒಂದಿಷ್ಟೇ ಬಿಳಿ ಉಳಿದಿದ್ದರೆ ತಾಯಿಗಿಡದ ಮೇಲೆ ಆಸೆ ಇಡಬೇಡಿ, ಕಡ್ಡಿ ನೆಡಿ. ಕೆರೆದಾಗ ಹಸಿರು ಕಂಡ, ಇನ್ನೂ ಗಟ್ಟಿಯಾಗಿರುವ, ಅರ್ಧ ಬಲಿತ ಕೊಂಬೆಯಿಂದ ಮೂರು ನಾಲ್ಕು ಗೆಣ್ಣಿನ ತುಂಡುಗಳನ್ನು ತೆಗೆದು ಒದ್ದೆ ಮರಳಿನಲ್ಲಿ ನೆರಳಿಗಿಡಿ. ಬಾಡಿದ ಗಿಡದ ಕಡ್ಡಿಗಳಲ್ಲಿ ಬೇರು ಬರುವುದು ಕಡಿಮೆ, ಹಾಗಾಗಿ ನಾಲ್ಕೈದು ನೆಡುವ ಬದಲು ಸಿಕ್ಕಷ್ಟೂ ನೆಡಿ. ಗಿಡದ ಮಣ್ಣು ಬದಲಿಸಿದರೂ ಅದೇ ದಿನ ಸವರಿದ ಕೊಂಬೆಗಳಿಂದ ಇದನ್ನು ಮಾಡಿಬಿಡಿ, ಖರ್ಚೇನೂ ಇಲ್ಲ.

ಮೊಗ್ಗಿನ ವಿಷಯ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಗಿಡ ಬದುಕಿದರೆ ಚಳಿಗಾಲದಲ್ಲಿ ಸವರಿ, ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಕಡೆ ಇಡಿ. ಮೊಗ್ಗು ಕಡಿಮೆಯಾಗಿದ್ದಕ್ಕೆ ಕಾರಣ ಬಹುಶಃ ಸವರದಿದ್ದದ್ದೇ. ಹೊಸ ಚಿಗುರಿನ ಎಲೆಗಳು ಬಲಿಯುವವರೆಗೆ ರಾಸಾಯನಿಕ ಗೊಬ್ಬರ ಮುಟ್ಟಬೇಡಿ. ಆಮೇಲೆ ಕೊಡುವುದಾದರೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮ ಪಾಲಿನಲ್ಲಿರುವುದು) ಲೀಟರ್ ನೀರಿಗೆ 1ರಿಂದ 2 ಗ್ರಾಂ ಕರಗಿಸಿ, ಮೊದಲೇ ಒದ್ದೆ ಇರುವ ಮಣ್ಣಿಗೆ, ತಿಂಗಳಿಗೊಮ್ಮೆ ಕೊಡಿ. ಒಣ ಮಣ್ಣಿಗೆ ಬೇಡ. ಮಳೆಗಾಲದಲ್ಲಿ ತಾರಸಿ ನೀರು ಹಿಡಿದಿಟ್ಟುಕೊಂಡರೆ ಬೋರ್ ನೀರಿನ ಲವಣದ ಕಾಟವೂ ತಪ್ಪುತ್ತದೆ.

ತೆಗೆದ ಎರೆ ಮಣ್ಣನ್ನು ಎಸೆಯಬೇಡಿ, ಬೇರೆ ಕುಂಡಕ್ಕೂ ಹಾಕಬೇಡಿ. ಕೊಳೆತ ಬೇರನ್ನು ಆರಿಸಿ ತೆಗೆದು, ಹೊಲಕ್ಕೆ ಹೋದಾಗ ಬದುವಿನ ಮೇಲೆ ತೆಳುವಾಗಿ ಹರಡಿಬಿಡಿ. ಅಲ್ಲಿ ಬ್ಯಾಕ್ಟೀರಿಯಾಗಳು ಆ ಅಮೋನಿಯಂ ಅನ್ನು ನಿಧಾನಕ್ಕೆ ನೈಟ್ರೇಟ್ ಮಾಡುತ್ತವೆ, ಹುಲ್ಲು ಚೆನ್ನಾಗಿ ಬರುತ್ತದೆ.